ಒಳಗೆ ಬಂದ ಹೆಜ್ಜೆಗಳು

ಮೊದಲ ದಿನ ಇಬ್ಬರೂ ತಪ್ಪು ತಿಳಿದುಕೊಂಡಿದ್ದರು. ಶಾಲೆಯ ಬಸ್ಸು ಬರುವವರೆಗೆ ಮಗಳನ್ನು ಕಾರಿನಲ್ಲೇ ಕೂರಿಸಿಕೊಂಡು ಕಾಯುವುದೆಂದು ವರ್ಡೆಲ್ ಅಂದುಕೊಂಡಿದ್ದಳು. ಮನೆಯೊಳಗೆ ಐವರಿ ಟೇಟ್ ಮೇಜಿನ ಮೇಲೆ ಮೂರು ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದ.

ಕೊನೆಗೆ ಅವನೇ ಬಂದು ಕಾರಿನ ಗಾಜು ತಟ್ಟಿದ.

"ಸಿಸ್ಟರ್ ವರ್ಡೆಲ್, ಬೆಳಬೆಳಿಗ್ಗೆ ಕಾರಲ್ಲಿ ಕೂತಿರೋ ಮಗೂನ ಈ ಮನೆ ಮಗು ಅಂತ ಯಾರು ನಂಬ್ತಾರೆ?"

"ನಿಮಗೆ ತೊಂದರೆ ಬೇಡ ಅಂತ, ಬ್ರದರ್ ಟೇಟ್."

"ತೊಂದರೆ ಆಗ್ಲೇ ಬಾಣಲೇಲಿದೆ. ಮೊಟ್ಟೆ ಒಡೆದು ಹಾಕಿಬಿಟ್ಟಿದೀನಿ. ಬನ್ನಿ ಒಳಗೆ."

ಓಹಾಯೋದ ಆ ಊರಿನ ನಡುವೆ ಒಂದು ಸೇತುವೆ. ಈಚೆ ವರ್ಡೆಲ್‌ಳ ಬಾಡಿಗೆ ಮನೆ. ಆಚೆಯ ಶಾಲೆ ಬೇರೆ ಶಾಲಾ ಮಂಡಳಿಯದು. ಆ ಕಡೆ ಮನೆ ಇದ್ದವರ ಮಕ್ಕಳಿಗೆ ಮಾತ್ರ ಅಲ್ಲಿ ಪ್ರವೇಶ. ಗಂಡ ಲೆಸ್ಟರ್ ತೀರಿಕೊಂಡ ಮೇಲೆ ಮಗಳು ಜುನೆಲ್ ಮಾತು ಬಿಟ್ಟಿದ್ದಳು. ಈಚೆಯ ಶಾಲೆಯಲ್ಲಿ ಅವಳನ್ನು ಹಿಂದಿನ ಬೆಂಚಿಗೆ ಕಳಿಸಿ ಮರೆತುಬಿಟ್ಟರು. ಆಚೆಯ ಶಾಲೆಯಲ್ಲಿ ಇಂಥ ಮಕ್ಕಳಿಗೆಂದೇ ಒಬ್ಬ ಟೀಚರ್ ಇದ್ದರು. ಎಲ್ಲರನ್ನೂ ಬ್ರದರ್, ಸಿಸ್ಟರ್ ಎಂದೇ ಕರೆಯುವ ಅವರ ಚರ್ಚಿನಲ್ಲಿ ಹಾಡುವ ಐವರಿ ಅದನ್ನು ಕೇಳಿ ತನ್ನ ಮನೆಯ ವಿಳಾಸ ಕೊಟ್ಟ. ವಿಳಾಸ ಕೊಡುವುದೆಂದರೆ ಬೆಳಗಿನ ತಿಂಡಿಯನ್ನೂ ಕೊಡುವುದೆಂದು ಅವನು ತಿಳಿದುಕೊಂಡಂತಿತ್ತು.

ಹಾಗೆ ದಿನಾ ಬೆಳಕು ಹರಿಯುವ ಮುಂಚೆ ವರ್ಡೆಲ್ ನಿದ್ದೆಗಣ್ಣಿನ ಮಗಳನ್ನು ಕರೆದುಕೊಂಡು ಸೇತುವೆ ದಾಟುತ್ತಿದ್ದಳು. ಬಸ್ಸು ಬಂದಾಗ ಜುನೆಲ್ ಐವರಿಯ ಮನೆಯ ಬಾಗಿಲಿನಿಂದ ಹೊರಗೆ ಬರುತ್ತಿದ್ದಳು. ಅದಾದ ಮೇಲೆ ವರ್ಡೆಲ್ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಹಬೆಯೇಳುವ ಹಾಸಿಗೆಬಟ್ಟೆಗಳನ್ನು ಮಡಚುವಾಗ ಉಳಿದವರು ಕೈ ಕೊಡವಿಕೊಳ್ಳುತ್ತಿದ್ದರು. ಅವಳಿಗೆ ಬಿಸಿ ತಾಗುತ್ತಲೇ ಇರಲಿಲ್ಲ. ಲೆಸ್ಟರ್ ಹೋದಾಗಿನಿಂದ ಹಾಗೇ. ಮೈಯೆಲ್ಲ ಜೋಮು ಹಿಡಿದ ಕಾಲಿನಂತೆ, ತನ್ನದೇ ಆದರೂ ತನ್ನದಲ್ಲದಂತೆ.

ಐವರಿ ಸಿಟಿ ಬಸ್ಸಿನ ಡ್ರೈವರ್, ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಬೆಣ್ಣೆ ಹಾಕಿ ಮೆಕ್ಕೆಜೋಳದ ಗಂಜಿ ಕಲಕುತ್ತ ಚರ್ಚಿನ ಹಾಡು ಗುನುಗುತ್ತಿದ್ದ.

"ನೀವು ತಿನ್ನೋದು ನೋಡಿದ್ರೆ ಮೊಟ್ಟೆ ಇಟ್ಟ ಕೋಳಿಗೂ ಬೇಜಾರಾಗುತ್ತೆ," ಎಂದ ಒಂದು ದಿನ.

"ಹಸಿವಿಲ್ಲ."

"ಹಸಿವನ್ನ ಕೇಳ್ತಾ ಕೂತ್ರೆ ಆಗಲ್ಲ. ಮೊದಲು ಬಾಯಿಗೆ ಹಾಕ್ಕೊಳ್ಳಿ, ಆಮೇಲೆ ಅದೇ ಬರುತ್ತೆ."

ಜುನೆಲ್ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು: "ಅಮ್ಮ ಮನೇಲೂ ತಿನ್ನಲ್ಲ."

ಇಬ್ಬರೂ ಅವಳ ಕಡೆ ತಿರುಗಿದರು. ಎಷ್ಟೋ ತಿಂಗಳಲ್ಲಿ ಅವಳಾಗಿ ಆಡಿದ ಮೊದಲ ಮಾತು ಅದು. ಐವರಿ ಏನೂ ಆಗಿಲ್ಲವೆಂಬಂತೆ ಅವಳ ತಟ್ಟೆಗೆ ಇನ್ನೊಂದು ಚಮಚ ಗಂಜಿ ಬಡಿಸಿದ. ನಿಲ್ಲಿಸಿದ್ದ ಹಾಡನ್ನು ಮತ್ತೆ ಗುನುಗತೊಡಗಿದ.

ಹಿಮ ಬೀಳುವ ಕಾಲ ಬಂತು. ಅವರು ಬರುವಾಗ ಅಂಗಳದ ತುಂಬ ಹಿಮ. ಹೊರಡುವಾಗ ದಾರಿ ಗುಡಿಸಿಟ್ಟಂತೆ ಸ್ವಚ್ಛ. ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡಿದ್ದಳು ವರ್ಡೆಲ್. ಒಂದು ಬೆಳಿಗ್ಗೆ ಕಪ್ಪು ತೊಳೆಯುತ್ತ ಕಿಟಕಿಯಿಂದ ನೋಡಿದಳು. ಐವರಿ ಸಲಿಕೆ ಹಿಡಿದು, ಜುನೆಲ್‌ಳ ಪುಟ್ಟ ಬೂಟಿನ ಗುರುತುಗಳನ್ನು ಮೊದಲು ಹುಡುಕಿ ಹುಡುಕಿ ಅಳಿಸುತ್ತಿದ್ದ.

ಒಳಗೆ ಬಂದವನನ್ನು ಕೇಳಿದಳು: "ಅದೇನು ಹಾಗೆ ಬಗ್ಗಿ ಬಗ್ಗಿ ಗುಡಿಸ್ತಿದ್ರಿ?"

"ಮನೇಲಿರೋರು ಬೆಳಿಗ್ಗೆ ಹೊರಗೆ ಹೋಗ್ತಾರೆ ಸಿಸ್ಟರ್, ಒಳಗೆ ಬರಲ್ಲ." ಕಿವಿ ಉಜ್ಜಿಕೊಂಡ. "ಮಂಡಳಿಯೋರು ಕಣ್ಣಿಡೋಕೆ ಒಬ್ಬನ್ನ ಬಿಟ್ಟಿದಾರೆ. ಬೂದು ಕಾರು. ಮೂಲೇಲಿ ನಿಲ್ಲುತ್ತೆ."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬರೋದನ್ನೇ ನಿಲ್ಲಿಸ್ತಿದ್ರಿ."

ಅವನ ಹುಬ್ಬಿನ ಮೇಲೆ ಹಿಮ ಕರಗಿ ಕೆನ್ನೆಗೆ ಇಳಿಯುತ್ತಿತ್ತು. ಒರೆಸಬೇಕು ಅನಿಸಿತು ಅವಳಿಗೆ. ಅನಿಸಿದ್ದೇ ಆಶ್ಚರ್ಯವಾಗಿ, ಒದ್ದೆ ಕಪ್ಪನ್ನೇ ಮತ್ತೆ ತೊಳೆದಳು.

ಕೆಲವು ದಿನಗಳ ನಂತರ ಐವರಿಗೆ ಜ್ವರ ಬಂತು. ಬಾಗಿಲು ತೆಗೆದವನು ಗೋಡೆ ಹಿಡಿದು ನಿಂತಿದ್ದ. ವರ್ಡೆಲ್ ಅವನನ್ನು ಸೋಫಾದಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ಆ ಮನೆಯ ಒಲೆಯ ಮುಂದೆ ಮೊದಲ ಸಲ ನಿಂತು ಗಂಜಿ ಕಲಕಿದಳು.

"ಉಪ್ಪು ಜಾಸ್ತಿ," ಎಂದ ಅವನು ಒಂದು ತುತ್ತು ನುಂಗಿ.

"ಜ್ವರದ ಬಾಯಿ ಅದು. ಸುಮ್ಮನೆ ತಿನ್ನಿ."

"ನಾನು ಬೈದ ಹಾಗೇ ಬೈತೀರಲ್ಲ!"

ಮೂವರಿಗೂ ಹಿಮದ ನೆನಪಾಗಲಿಲ್ಲ. ಬಸ್ಸು ಬರುವ ಹೊತ್ತಿಗೆ ಬಾಗಿಲ ಗಂಟೆ ಸದ್ದು ಮಾಡಿತು. ಹೊರಗೆ ಬೂದು ಕಾರಿನ ಮಂಡಳಿಯವನು ನಿಂತಿದ್ದ, ಹ್ಯಾಸ್ಕಿನ್ಸ್ ಎಂಬ, ಮೂಗು ಕೆಂಪಗಾಗಿದ್ದ ವಯಸ್ಸಾದ ಮನುಷ್ಯ. ಅವನ ಹಿಂದೆ ಅಂಗಳದಲ್ಲಿ ಎರಡು ಸಾಲು ಹೆಜ್ಜೆ, ಒಂದು ದೊಡ್ಡದು, ಒಂದು ಚಿಕ್ಕದು.

"ಮೇಡಂ, ನನಗೂ ಮೊಮ್ಮಕ್ಕಳಿದಾರೆ," ಎಂದ ಅವನು ಸಂಕೋಚದಿಂದ. "ಆದ್ರೆ ಹೆಜ್ಜೆ ಎಲ್ಲಾ ಒಳಗೇ ಬಂದಿವೆ. ಹೊರಗೆ ಹೋಗಿದ್ದು ಒಂದೂ ಇಲ್ಲ. ಫೋಟೋ ತೆಗೆದಿದೀನಿ."

ಮಂಡಳಿಯ ವಿಚಾರಣೆಗೆ ಕರೆ ಬಂತು. ಅದರ ಹಿಂದಿನ ಸಂಜೆ ಐವರಿ ಮೊದಲ ಸಲ ಸೇತುವೆ ದಾಟಿ ಅವಳ ಮನೆಗೆ ಬಂದ. ಟೋಪಿ ಕೈಯಲ್ಲಿ ಹಿಡಿದುಕೊಂಡೇ ಕೂತ.

"ನನ್ನ ಮನೇಗೆ ಬಂದುಬಿಡಿ. ಇಬ್ಬರೂ. ಪಾಸ್ಟರ್ ಹತ್ರ ನಾನು ಮಾತಾಡ್ತೀನಿ. ಮದುವೆ ಆಗ್ತಿದೀವಿ ಅಂತ ನಾಳೆ ಹೇಳೋಣ. ಆಗ ಸುಳ್ಳೇ ಇರಲ್ಲ."

"ಶಾಲೆ ವಿಷಯ ಇಲ್ಲದಿದ್ರೂ ಕೇಳ್ತಿದ್ರಾ?"

"ಕೇಳ್ತಿದ್ದೆ. ಧೈರ್ಯ ಬರೋದು ಇನ್ನೂ ತಡ ಆಗ್ತಿತ್ತು ಅಷ್ಟೇ."

ವರ್ಡೆಲ್ ತನ್ನ ಅಂಗೈ ನೋಡಿಕೊಂಡಳು. "ಈಗ ನಾನು ಹೂಂ ಅಂದ್ರೆ ಯಾತಕ್ಕೆ ಅಂದೆ ಅಂತ ನನಗೇ ಗೊತ್ತಾಗಲ್ಲ, ಬ್ರದರ್ ಟೇಟ್. ಮುಟ್ಟಿದ್ದು ಬಿಸಿಯೋ ತಣ್ಣಗಿದೆಯೋ ಅನ್ನೋದೂ ನನಗೆ ತಿಳೀತಿಲ್ಲ. ಇಂಥವಳನ್ನ ಕಟ್ಕೊಂಡು ನೀವೇನ್ಮಾಡ್ತೀರಿ?"

"ಕಾಯ್ತೀನಿ," ಎಂದ. ಆಮೇಲೆ ಟೋಪಿ ಹಾಕಿಕೊಂಡು ಹೋದ.

ಮರುದಿನ ಉದ್ದನೆಯ ಮೇಜಿನ ಆಚೆಯಿಂದ ಕೇಳಿದರು: "ನೀವು ಮತ್ತು ಮಗಳು ರಾತ್ರಿ ಮಲಗುವುದು ಆ ಮನೆಯಲ್ಲೇನು?" ವರ್ಡೆಲ್ ಇಲ್ಲ ಎಂದಳು. ಅಷ್ಟೇ. ಜುನೆಲ್ ತನ್ನ ಬಣ್ಣದ ಪೆನ್ಸಿಲ್‌ಗಳನ್ನು ಚೀಲಕ್ಕೆ ತುಂಬಿಕೊಂಡು ಆ ಶಾಲೆಯಿಂದ ಹೊರಗೆ ಬಂದಳು. ಅತ್ತಿದ್ದರೆ ಚೆನ್ನಾಗಿರುತ್ತಿತ್ತು. ಅವಳೂ ಅಳಲಿಲ್ಲ, ತಾಯಿಯೂ ಅಳಲಿಲ್ಲ.

ಮತ್ತೆ ಈಚೆಯ ಶಾಲೆ, ಮತ್ತೆ ಹಿಂದಿನ ಬೆಂಚು. ಮನೆಯಲ್ಲಿ ಮಾತು ಮತ್ತೆ ನಿಂತಿತು. ಭಾನುವಾರ ಚರ್ಚಿನಲ್ಲಿ ಐವರಿ ದೂರದಿಂದ ತಲೆಯಾಡಿಸುತ್ತಿದ್ದ, ಹತ್ತಿರ ಬರುತ್ತಿರಲಿಲ್ಲ. ಅವನ ದನಿ ಉಳಿದ ದನಿಗಳ ನಡುವೆ ಎಲ್ಲಿದೆಯೆಂದು ವರ್ಡೆಲ್ ಹುಡುಕುತ್ತಿದ್ದಳು. ಸಿಕ್ಕಿದ ಮೇಲೆ ಹಾಡು ಮುಗಿಯುವವರೆಗೆ ಅದನ್ನು ಬಿಡುತ್ತಿರಲಿಲ್ಲ.

ಚಳಿಗಾಲದ ಕೊನೆಯಲ್ಲಿ ಒಂದು ದಿನ, ಬೆಳಕು ಹರಿಯುವ ಮುಂಚೆ, ಅಭ್ಯಾಸದಿಂದ ಅವಳಿಗೆ ಎಚ್ಚರವಾಯಿತು. ಹೊರಗೆ ಹೊಸ ಹಿಮ. ಜುನೆಲ್ ಬಾಗಿಲ ಹತ್ತಿರ ಬೂಟು ಹಾಕಿಕೊಂಡು ಕೂತಿದ್ದಳು.

"ಇವತ್ತು ಶನಿವಾರ, ಶಾಲೆ ಇಲ್ಲ ಕಂದಾ."

"ಗೊತ್ತು," ಎಂದಳು ಜುನೆಲ್. "ಗಂಜಿ ಇರುತ್ತಲ್ಲ."

ವರ್ಡೆಲ್ ಮಗಳ ಮುಖವನ್ನೇ ನೋಡಿದಳು. ನಂತರ ಕಾರಿನ ಕೀಲಿ ತೆಗೆದುಕೊಂಡಳು.

ಐವರಿಯ ಅಂಗಳದ ಹಿಮ ಯಾರೂ ಮುಟ್ಟದ ಹಾಗೇ ಇತ್ತು. ಇಬ್ಬರೂ ಅದರ ಮೇಲೆ ನಡೆದು ಬಾಗಿಲು ತಟ್ಟಿದರು. ತೆಗೆದವನು ಅವರನ್ನು ನೋಡಿದ, ಅವರ ಹಿಂದಿನ ಹೆಜ್ಜೆಗಳನ್ನು ನೋಡಿದ, ಬಾಗಿಲ ಮೂಲೆಯ ಸಲಿಕೆಗೆ ಕೈ ಹಾಕಿದ. ಜುನೆಲ್ ಆಗಲೇ ಅವನ ತೋಳಿನ ಕೆಳಗೆ ನುಸುಳಿ ಅಡುಗೆಮನೆ ಸೇರಿದ್ದಳು.

ವರ್ಡೆಲ್ ಸಲಿಕೆಯ ಹಿಡಿ ಹಿಡಿದುಕೊಂಡಳು.

"ಇರಲಿ ಬಿಡಿ, ಐವರಿ."

ಅವಳ ಬಾಯಲ್ಲಿ ತನ್ನ ಹೆಸರು ಕೇಳಿ ಅವನು ನಿಂತುಬಿಟ್ಟ. "ಕಾಣುತ್ತಲ್ಲ."

"ಕಾಣಲಿ. ಅವತ್ತು ಕೇಳಿದ್ದನ್ನ ಈಗ ಕೇಳಿ."

ಅವನು ಕೇಳಿದ. ದನಿ ಒಡೆದಿದ್ದರಿಂದ ಎರಡು ಸಲ ಕೇಳಬೇಕಾಯಿತು. ಅವಳು ಹೂಂ ಎಂದಳು.

"ಶಾಲೆಗೋಸ್ಕರ ಅಲ್ವಲ್ಲ?" ಎಂದ, ನಗಲು ನೋಡುತ್ತ.

"ಶಾಲೆಗೂ ಹೌದು. ತಾಯಿ ನಾನು, ಸುಳ್ಳು ಹೇಳಲ್ಲ." ಅವನ ಕೆನ್ನೆಯ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು. ಬೆಚ್ಚಗಿದೆ ಎಂದು ಅವಳಿಗೆ ತಿಳಿಯಿತು. "ಆದ್ರೆ ಇವತ್ತು ಶನಿವಾರ."