ಬನ್ನಿ ಬಂಗಾರದ ಎರಡನೇ ಟೇಕ್

ಕ್ರಾಸ್‌ರೋಡ್ಸ್ ಮಾಲ್‌ನ ಪಾರ್ಕಿಂಗ್ ಅಂಚಿನಲ್ಲಿ ಒಂದು ಮರವಿದೆ. ಅದರ ಹೆಸರು ನಮ್ಮವರಾರಿಗೂ ಗೊತ್ತಿಲ್ಲ. ಎಲೆ ಮಾತ್ರ ಬನ್ನಿಯ ಹಾಗೆ ಸಣ್ಣಸಣ್ಣದು, ದಸರೆಯ ಹೊತ್ತಿಗೆ ತಾನಾಗಿಯೇ ಹಳದಿಗೆ ತಿರುಗುತ್ತದೆ. ಬನ್ನಿ ಸಿಗದ ಈ ಪರದೇಶದ ಊರಲ್ಲಿ ಅದೇ ಬನ್ನಿ, ಅದೇ ಬಂಗಾರ.

ಹೋದ ದಸರೆಗೆ ಮಧುರಾ ಆ ಮರದ ಕೆಳಗೆ ತುದಿಗಾಲಲ್ಲಿ ನಿಂತು ಸೋತಾಗ, ಹಿಂದಿನಿಂದ ಉದ್ದನೆಯ ತೋಳೊಂದು ಬಂದು ಕೊಂಬೆ ಬಗ್ಗಿಸಿತ್ತು.

“ಅವ್ವ ಹೇಳ್ಯಾಳ, ಕೀಳೂಕಿಂತ ಮೊದಲ ಸಾರಿ ಅನಬೇಕಂತ. ಟು ದ ಟ್ರೀ,” ಎಂದಿದ್ದ ಹುಡುಗ.

“ಮತ್ತ ನೀವು ಸಾರಿ ಅಂದ್ರಿ?”

“ಇಲ್ಲ, ನೀವು ನೋಡ್ಲಿಕತ್ತಿದ್ರಿ. ನಾಚಿಕಿ ಬಂತು.”

ಅವನ ಕಿವಿ ಕೆಂಪಾಗಿತ್ತು. ಎರಡು ವರ್ಷ ಕ್ಲಾಸಿನಲ್ಲಿ ಒಮ್ಮೆಯೂ ಕೈ ಎತ್ತದ, ಗದಗಿನಿಂದ ಇಲ್ಲಿಗೆ ಓದಲು ಬಂದ ಹುಡುಗಿ ಮಧುರಾ, ಅಂದು ಪಾರ್ಕಿಂಗ್ ತುಂಬ ಕೇಳುವಂತೆ ನಕ್ಕಿದ್ದಳು. ಅವನು ಅಭಯ, ಸಮಾಮಿಶ್‌ನ ಅಡಿವೆಪ್ಪನವರ ಮಗ, ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಟೀಮಿನಲ್ಲಿ ಚೆಂಡು ಒದೆಯುವ ಕಿಕರ್.

ವರ್ಷವಿಡೀ ಅವರು ಸುತ್ತಾಡಿದರು. ಡುವಾಲ್ ಕಡೆಯ ತೋಟದಲ್ಲಿ ಕುಂಬಳಕಾಯಿ ಆರಿಸುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿ ಅಲ್ಲೇ ನಿಂತಿತು. ಆದರೂ ಆಡಬೇಕಾದ ಆ ಒಂದು ಮಾತನ್ನು ಅವನೂ ಆಡಲಿಲ್ಲ, ಇವಳಿಗಂತೂ ಬಾಯೇ ಇರಲಿಲ್ಲ.

ಅಷ್ಟರಲ್ಲಿ ದುಡ್ಡು ಬಂತು. ಫೋನಿನಲ್ಲೇ ಬಂಗಾರ ಮಾರುವ ಆಪ್‌ನವರು ಜಾಹೀರಾತಿಗೆಂದು ಅವನ ಹೆಸರು, ಮುಖ ಎರಡನ್ನೂ ಕೊಂಡರು. ಮೊದಲು ಮಧುರಾಳೇ ಖುಷಿಪಟ್ಟಳು. ಟಿಕೆಟ್ ಮಾರಿ ಕಾಲೇಜು ಗಳಿಸುತ್ತದೆ, ಒದೆಯುವ ಕಾಲಿನವನಿಗೆ ಯಾಕೆ ಬೇಡ? ಆಮೇಲೆ ಅಡಿವೆಪ್ಪನವರು ಇಂಜಿನಿಯರ್ ಕೆಲಸ ಬಿಟ್ಟು ಮಗನ ಮ್ಯಾನೇಜರ್ ಆದರು. ಟೀಮಿನಲ್ಲಿ ಅಭಯನಿಗೆ ಚೆಂಡು ಎಸೆದುಕೊಡುವ ಹುಡುಗ, ಬಿಡಿಗಾಸೂ ಕಾಣದವನು, ಇವನೊಡನೆ ಊಟಕ್ಕೆ ಕೂರುವುದನ್ನೇ ಬಿಟ್ಟ. ತಿಂಡಿ ಬಂದರೆ ಮೊದಲು ಫೋಟೋ. ಬಾಯಿಗೆ ಹೋಗುವಷ್ಟರಲ್ಲಿ ದೋಸೆ ಚರ್ಮದಂತಾಗಿರುತ್ತಿತ್ತು. ಮಧುರಾಳಿಗೆ ಹಳಸಿದ ಅನ್ನದ ಪಾತ್ರೆಯ ಮುಚ್ಚಳ ತೆಗೆದಂತಾಗುತ್ತಿತ್ತು. ಆದರೂ ಕಾದಳು. ಆ ಒಂದು ಮಾತಿಗಾಗಿ.

“ಹಬ್ಬಕ್ಕ ಮನಿಗೆ ಬಾ,” ಎಂದ ಅಭಯ. “ನಿನಗ ಏನೋ ಹೇಳೋದದ.”

ದಸರೆಯ ಸಂಜೆ ಅವಳು ಇಳಕಲ್ ಸೀರೆ ಉಟ್ಟು ಹೋದಳು. ಮನೆಯ ಹಿಂದಿನ ಹಲಗೆಯ ಡೆಕ್ಕಿನ ಮೇಲೆ ಅವರಿಬ್ಬರೇ. ಅಭಯ ಹಳದಿ ಎಲೆಗಳನ್ನು ಅವಳ ಅಂಗೈಯಲ್ಲಿಟ್ಟು, ತನ್ನ ಕೈಯನ್ನು ಅಲ್ಲೇ ಬಿಟ್ಟ.

“ಮಧುರಾ, ಬನ್ನಿ ತೊಗೊಂಡು ನಾವಿಬ್ರೂ ಬಂಗಾರದ್ಹಾಂಗ ಇರೋಣು. ಇವತ್ತಷ್ಟ ಅಲ್ಲ…” ಗಂಟಲು ಕಟ್ಟಿತು. ಉಗುಳು ನುಂಗಿದ. “ಯಾವಾಗ್ಲೂ. ಐ ಲವ್ ಯೂ.”

ಮಧುರಾಳ ಕಣ್ಣು ತುಂಬಿತು. ‘ನನಗೂ’ ಎನ್ನಲು ತುಟಿ ಬಿಚ್ಚಿದಳು.

ಗಾಜಿನ ಬಾಗಿಲು ಸರಿಯಿತು. ಅಡಿವೆಪ್ಪನವರು, ಕೈಯಲ್ಲಿ ಫೋನು.

“ಭಾಳ ಛಲೋ ಬಂತು! ಆದ್ರ ನಿನ್ನ ಮಾರಿ ಕತ್ತಲದಾಗ ಹೋಗೇದವಾ. ಇನ್ನೊಮ್ಮೆ ಮಾಡ್ರಿ. ಕಡೀಗೆ ಆಪ್ ಹೆಸರು ಮರೀಬ್ಯಾಡಪಾ.”

ಅಭಯ ಸಿಡಿದೇಳುತ್ತಾನೆ ಎಂದುಕೊಂಡಳು ಮಧುರಾ. ಅವನು ಅವಳ ಅಂಗೈಯಿಂದ ಎಲೆಗಳನ್ನು ಹೆಕ್ಕಿಕೊಂಡ. ಒಂದೂ ಬಿಡದೆ. ಅವಳ ಭುಜ ಹಿಡಿದು ಬೆಳಕಿನತ್ತ ಸರಿಸಿದ. ಎಲೆಗಳನ್ನು ಮತ್ತೆ ಅವಳ ಅಂಗೈಯಲ್ಲಿಟ್ಟು ಮೊದಲಿನಿಂದ ಶುರು ಮಾಡಿದ. “ಇವತ್ತಷ್ಟ ಅಲ್ಲ…” ಎನ್ನುವಲ್ಲಿಯೇ ಗಂಟಲು ಕಟ್ಟಿತು. ಅಲ್ಲೇ ಉಗುಳು ನುಂಗಿದ. ಕಣ್ಣಂಚು ಅಷ್ಟೇ ಒದ್ದೆಯಾಯಿತು.

ಮಧುರಾ ಎಲೆ ಅಲ್ಲೇ ಚೆಲ್ಲಿ ಒಳಗೆ ನಡೆದಳು.

ಅಡುಗೆಮನೆಯಲ್ಲಿ ಅಭಯನ ಅವ್ವ ರಾಜೇಶ್ವರಿ ಹೋಳಿಗೆ ಬೇಯಿಸುತ್ತಿದ್ದರು. “ಹಬ್ಬದ ದಿನ ಹಸದ ಹೊಟ್ಟೀಲೆ ಹೋಗಬಾರದವಾ. ವಿಡಿಯೋ ಒಂದ್ ಸಲ ಹೆಚ್ಚಿಗಿ ತೆಗದ್ರ ಏನಾತು? ನಾ ಹೋಳಿಗಿ ಲಟ್ಟಿಸೋದು ನಾಕ್ ಸಲ ತೆಗದಾರ. ಕಡೀಗೆ ಕಣಕನ ಹರದುಹೋತು.” ನಗಲು ಹೋದರು, ನಗು ಬರಲಿಲ್ಲ.

ಗ್ಯಾರೇಜಿನ ಮುಂದೆ ಅಭಯ ಓಡಿಬಂದು ಅವಳ ಕಾರಿಗೆ ಅಡ್ಡ ನಿಂತ.

“ಇಟ್ ವಾಸ್ ರಿಯಲ್, ಮಧುರಾ. ಆಣಿ ಮಾಡಿ ಹೇಳ್ತೀನಿ. ಎರಡೂ ಸಲ.”

“ಅದಕ್ಕ ನನಗ ಹೇಸಿಗಿ ಬಂದಿದ್ದು. ಸುಳ್ಳಾಗಿದ್ರ ಮಾಫ್ ಮಾಡಿಬಿಡ್ತಿದ್ದೆ.”

“ಕಾಂಟ್ರಾಕ್ಟ್‌ದಾಗ ಅದ. ಗರ್ಲ್‌ಫ್ರೆಂಡ್ ಜೋಡಿ ಎರಡು ವಿಡಿಯೋ. ಇದೊಂದು…”

“ಇನ್ನೊಂದು?”

ಅವನು ಬೂಟಿನ ತುದಿ ನೋಡಿದ. “ಉಂಗುರ.”

“ಯಾವಾಗಂತ ಅವ್ರೇ ಹೇಳ್ತಾರೇನು?”

“ಸೀಸನ್ ಮುಗಿಯೂದ್ರೊಳಗ.”

ಮಧುರಾಳಿಗೆ ಅಳು ಬರಲಿಲ್ಲ. ಯಾರದೋ ಎಂಜಲು ತಟ್ಟೆಯಲ್ಲಿ ಅರ್ಧ ಉಂಡೆದ್ದಂಥ ಅಸಹ್ಯ. ಆದರೆ ಎದುರಿಗೆ ನಿಂತವನ ಕಿವಿ ಕೆಂಪಗಿತ್ತು, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

“ಅಪ್ಪಗ ಹೇಳು, ಆ ವಿಡಿಯೋ ಹಾಕಬ್ಯಾಡಂತ. ಈಗ, ನನ್ನ ಮುಂದ. ನಾ ಇಲ್ಲೇ ನಿಂತಿರ್ತೀನಿ.”

ಅಭಯ ಮನೆಯ ಕಡೆ ತಿರುಗಿದ. ಎರಡು ಹೆಜ್ಜೆ ಇಟ್ಟ, ನಿಂತ. “ಅಪ್ಪ ನೌಕರಿ ಬಿಟ್ಟಾನ, ಮಧುರಾ,” ಎಂದ ಬೆನ್ನು ಹಾಕಿಯೇ.

ಅವಳಿಗೆ ಉತ್ತರ ಸಿಕ್ಕಿತ್ತು. ಹತ್ತಿರ ಹೋಗಿ ಅವನನ್ನು ತನ್ನತ್ತ ತಿರುಗಿಸಿಕೊಂಡಳು.

“ನನಗೂ ನೀ ಅಂದ್ರ ಪ್ರೀತಿ, ಅಭಯ. ಆ ಮರದ ಕೆಳಗಿಂದನ.”

ಅವನ ಉಸಿರು ನಿಂತಿತು. ಮುಖದಲ್ಲಿ ಸುಳ್ಳೆಂಬುದು ಚೂರೂ ಇರಲಿಲ್ಲ. ಕೇಳುತ್ತ ಕೇಳುತ್ತಲೇ, ತನಗೇ ಗೊತ್ತಿಲ್ಲದೆ, ಅವನು ಅರ್ಧ ಹೆಜ್ಜೆ ಎಡಕ್ಕೆ ಸರಿದ. ಗ್ಯಾರೇಜಿನ ದೀಪ ಈಗ ಅವನ ಕೆನ್ನೆಯ ಮೇಲೆ ಸರಿಯಾಗಿ ಬಿತ್ತು.

ಮಧುರಾ ಅದನ್ನು ಕಂಡಳು. ಎರಡೂ ಕೈಯಿಂದ ಆ ಮುಖವನ್ನು ಮೆಲ್ಲಗೆ ಕತ್ತಲಿನತ್ತ ತಿರುಗಿಸಿ, ಅಲ್ಲಿ ಮುತ್ತಿಟ್ಟು, ಕಾರು ಹತ್ತಿದಳು.