ಹನ್ನೊಂದು ಬಾಗಿಲುಗಳು

"ಇನ್ನೂ ಬಗ್ಗು," ಅಮ್ಮ ಪಿಸುಗುಟ್ಟಿದಳು.

ಕೊಯೊಮಿ ಇನ್ನೂ ಬಗ್ಗಿದಳು. ಈಗ ಅವಳಿಗೆ ಕಾಣುತ್ತಿದ್ದದ್ದು ತೋಫು ಅಂಗಡಿಯ ನಗಾಯೆ ಮಾಮನ ರಬ್ಬರ್ ಬೂಟುಗಳು ಮಾತ್ರ.

ಇದು ಹತ್ತನೆಯ ಮನೆ. ಓನೊಮಿಚಿ ಊರಿನ ಆ ಗುಡ್ಡದ ಓಣಿಯಲ್ಲಿ ಯಾರ ಮನೆಯಿಂದ ಬೆಂಕಿಯ ಗಾಬರಿ ಎದ್ದರೂ, ಆ ಮನೆಯವರು ಅಕ್ಕಪಕ್ಕದ ಮನೆಗಳಿಗೆಲ್ಲ ಸಿಹಿಯ ಡಬ್ಬಿ ಕೊಟ್ಟು ಕ್ಷಮೆ ಕೇಳಿ ಬರಬೇಕು. ಅಮ್ಮನ ಚೀಲದಲ್ಲಿ ಇನ್ನು ಎರಡೇ ಡಬ್ಬಿಗಳಿದ್ದವು.

"ಓಹೋ, ನಿಂಜಾ," ಎಂದ ನಗಾಯೆ ಮಾಮ. "ಹೊಗೆ ಹಾಕಿ ಮಾಯ ಆಗ್ತೀಯ ಅಂದ್ಕೊಂಡ್ರೆ ನೆಟ್ಟಗೆ ನನ್ನ ಬಾಗ್ಲಿಗೇ ಬಂದ್ಯಲ್ಲ."

ಕೊಯೊಮಿಗೆ ನಗು ಬರಲಿಲ್ಲ. ಆ ಮೆಟ್ಟಿಲ ದಾರಿಗೆ ಫೈರ್ ಎಂಜಿನ್ ಹತ್ತುವುದಿಲ್ಲ. ಬೆಂಕಿಯ ಗಂಟೆ ಕೇಳಿದೊಡನೆ ನಗಾಯೆ ಮಾಮ ಮತ್ತು ಇನ್ನು ಮೂವರು ನೀರಿನ ಪಂಪನ್ನು ಹೆಗಲ ಮೇಲೆ ಹೊತ್ತು ಓಡಿಬಂದಿದ್ದರು. ಮಾಮ ಕಾಯಿಸಲು ಇಟ್ಟಿದ್ದ ಸೋಯಾ ಹಾಲು ತಳಹತ್ತಿ ಹಾಳಾಗಿತ್ತು.

ಎಲ್ಲಾ ಶುರುವಾದದ್ದು ಶಾಲೆಯ ನಾಟಕದಲ್ಲಿ ಕೊಯೊಮಿಗೆ ನಿಂಜಾ ಪಾತ್ರ ಸಿಕ್ಕಿದ್ದರಿಂದ. ನಿಂಜಾ ಮಾಯವಾಗುವಾಗ ಬಿಳಿ ಬಟ್ಟೆ ಬೀಸಿದರೆ ಸಾಕು ಎಂದಿದ್ದರು ಟೀಚರ್. ಕೊಯೊಮಿಗೆ ನಿಜವಾದ ಹೊಗೆಯೇ ಬೇಕಿತ್ತು. ದೊಡ್ಡಮ್ಮನ ಮಗ ರಿಕುತೊ ಮೊಬೈಲಿನಲ್ಲಿ ಒಂದು ಪುಟ ತೋರಿಸಿದ. ಮೇಲೆ ಸಾಮಾನುಗಳ ಪಟ್ಟಿ, ಕೆಳಗೆ ಎಲ್ಲರೂ ಕೇಳುವ ಪ್ರಶ್ನೆಗಳು. ಹೊಗೆ ಎಷ್ಟು ಹೊತ್ತು ಬರುತ್ತೆ? ಬಣ್ಣ ಬರಿಸಬಹುದಾ? ಕೊಯೊಮಿ ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಸಾಮಾನು ತಂದವನು ರಿಕುತೊ.

ಮಧ್ಯಾಹ್ನ ಹಿತ್ತಲಿನಲ್ಲಿ ಕಡ್ಡಿ ಗೀರಿದರು. ನಾಟಕದಲ್ಲಿ ಹೊಗೆ ಮೇಲೇಳಬೇಕಿತ್ತು. ಇದು ದಪ್ಪಗೆ, ಬಿಳಿಯಾಗಿ, ಮೆಟ್ಟಿಲು ಇಳಿದು ಹೋಯಿತು. ಕೆಳಗಿನ ಮನೆಗಳ ಬಾಗಿಲು ಕಿಟಕಿಗಳಲ್ಲಿ ನುಗ್ಗಿತು. ಮೊದಲು ಸಿಕ್ಕಿದ್ದು ತೊಕಿಯೆ ಅಜ್ಜಿಯ ಮನೆ. ರಿಕುತೊ ಆಗಲೇ ಓಡಿಹೋಗಿದ್ದ.

ಈಗ ಉಳಿದಿದ್ದದ್ದೂ ಆ ಮನೆಯೇ. ಮೊದಲು ಬಂದಾಗ ಅಜ್ಜಿ ಬಾಗಿಲು ತೆಗೆದಿರಲಿಲ್ಲ.

ಈ ಸಲ ಬಾಗಿಲು ತೆರೆದಿತ್ತು. ಅಜ್ಜಿ ಹೊಸ್ತಿಲ ಹತ್ತಿರವೇ ಕೂತಿದ್ದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಬರೀ ಕಾಲುಚೀಲ. ಮಡಿಲಲ್ಲಿ ಏಪ್ರನ್ನಿನಿಂದ ಸುತ್ತಿದ್ದ ಏನನ್ನೋ ಎರಡೂ ಕೈಗಳಿಂದ ಒತ್ತಿ ಹಿಡಿದಿದ್ದಳು.

ಅಮ್ಮ ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿದಳು. ಕೊಯೊಮಿ ಹತ್ತು ಮನೆಗಳಲ್ಲಿ ಹೇಳಿದ್ದ ಮಾತನ್ನೇ ಹೇಳಲು ಬಾಯಿ ತೆರೆದಳು.

"ಪರ್ಸು, ಬ್ಯಾಂಕಿನ ಪುಸ್ತಕ, ಎಲ್ಲಾ ಒಳಗೇ ಇತ್ತು," ಎಂದಳು ಅಜ್ಜಿ. "ಇವರನ್ನ ಮಾತ್ರ ಎತ್ಕೊಂಡು ಓಡಿದೆ."

ಏಪ್ರನ್ನಿನ ಅಂಚು ಸರಿಸಿದಳು. ಒಳಗೆ ಕಪ್ಪು ಮರದ ಪುಟ್ಟ ಫಲಕ, ಅದರ ಮೇಲೆ ಬಂಗಾರದ ಅಕ್ಷರ. ತೀರಿಹೋದ ಅಜ್ಜನ ಹೆಸರು. ಅಜ್ಜಿ ದಿನಾ ಬೆಳಿಗ್ಗೆ ಪೂಜೆಯ ಗೂಡಿನಲ್ಲಿ ಅದರ ಮುಂದೆ ಅನ್ನ ಇಟ್ಟು ಕೈ ಮುಗಿಯುವುದನ್ನು ಕೊಯೊಮಿ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದಳು.

"ವಾಪಸ್ ಬಂದು ಮೂರು ಗಂಟೆ ಆಯ್ತು ಮಗಾ. ಗೂಡಲ್ಲಿ ಇಡೋಣ ಅಂತೀನಿ, ಈ ಕೈ ಬಿಡ್ತಾನೇ ಇಲ್ಲ."



ಕೊಯೊಮಿ ಸಿಹಿಯ ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಎರಡೂ ಕೈಗಳನ್ನು ಮುಂದೆ ಚಾಚಿದಳು. ಅಜ್ಜಿ ಅವಳ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಒಂದೊಂದೇ ಬೆರಳು ಸಡಿಲಿಸಿ ಫಲಕವನ್ನು ಅವಳ ಕೈಗಿಟ್ಟಳು.

ಅದು ತುಂಬ ಹಗುರವಾಗಿತ್ತು. ಗೂಡಿನವರೆಗೆ ಇದ್ದದ್ದು ಐದೇ ಹೆಜ್ಜೆ. ಆದರೂ ಕೊಯೊಮಿ ಪ್ರತಿ ಹೆಜ್ಜೆಗೂ ನಿಂತು ನಿಂತು ನಡೆದಳು. ಕೋಣೆಯಲ್ಲಿ ಹೊಗೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಫಲಕವನ್ನು ಅದರ ಜಾಗದಲ್ಲಿ ನಿಲ್ಲಿಸಿದಳು. ಅಲ್ಲಿಂದ ಕೈ ತೆಗೆಯಲು ಅವಳಿಗೂ ಆಗಲಿಲ್ಲ.

"ನೆಟ್ಟಗಿದೆಯಾ?" ಅಜ್ಜಿ ಬಾಗಿಲ ಬಳಿಯಿಂದಲೇ ಕೇಳಿದಳು.

"ಇದೆ ಅಜ್ಜಿ. ಹಿಡ್ಕೊಂಡಿದ್ದೀನಿ."