ಹದಿನೇಳನೆಯ ಬಿಲ್ಲೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬಸ್ಸು ಬಂದು ನಿಂತ ಮೇಲೂ ಅದರ ಎರಡು ದೀಪಗಳಷ್ಟೇ ಕಂಡವು, ಬಸ್ಸು ಕಾಣಲಿಲ್ಲ. ಹಿರಿಯರ ಸಂಘದ ಇಪ್ಪತ್ತೆಂಟು ಮಂದಿ ಕೆಮ್ಮುತ್ತಾ, ಮಫ್ಲರ್ ಬಿಗಿದುಕೊಳ್ಳುತ್ತಾ, ದನಿಯಿಂದಲೇ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಾ ನಿಂತಿದ್ದರು.

ಟೈಲರಮ್ಮ ಎದೆಗೊತ್ತಿಕೊಂಡಿದ್ದ ಪೊಟ್ಟಣದಲ್ಲಿ ಒಂದು ಅಂಗಿ ಇತ್ತು. ಹೊಲಿದು ವರ್ಷವಾಗಿತ್ತು. ಇವತ್ತು ಕೊಟ್ಟುಬಿಡಬೇಕು, ಕೊಡುವಾಗ ಹೇಳಿಯೂ ಬಿಡಬೇಕು.

‘ದೇವರೇ, ನಾಲಿಗೆ ಕೊಟ್ಟವನು ನೀನು. ಇವತ್ತೊಂದು ದಿನ ಅದನ್ನು ನಡೆಸಿಕೊಡು’ ಎಂದುಕೊಂಡು ಮೆಟ್ಟಿಲು ಹತ್ತಿದಳು.

ಸಂಘದ ಪ್ರವಾಸ ತಿಂಗಳಿಗೊಂದು. ಬೆಳಿಗ್ಗೆ ಹೋಗಿ ಸಂಜೆಗೆ ಮರಳುವುದು. ವಯಸ್ಸಾದವರು ಎಲ್ಲಾದರೂ ಉಳಿದುಬಿಟ್ಟಾರೆಂದು ಸೆಕ್ರೆಟರಿ ಒಂದು ಉಪಾಯ ಮಾಡಿದ್ದರು. ಪ್ರತಿಯೊಬ್ಬರಿಗೂ ನಂಬರಿನ ಒಂದು ತಗಡಿನ ಬಿಲ್ಲೆ. ಇಳಿಯುವಾಗ ನಿಮ್ಮ ಬಿಲ್ಲೆಯನ್ನು ಪಕ್ಕದ ಸೀಟಿನ ಜೋಡಿಗೆ ಕೊಡಬೇಕು, ಅವರದನ್ನು ನೀವು ಇಟ್ಟುಕೊಳ್ಳಬೇಕು. ಹತ್ತುವಾಗ ಮರಳಿಸಬೇಕು. ಅಲ್ಲಿಯತನಕ ಬಸ್ಸು ಕದಲದು. ಜೋಡಿ ಬದಲಿಸಬೇಕೆನಿಸಿದರೆ ಅವರ ಬಿಲ್ಲೆಯನ್ನು ಅವರ ಕೈಗೆ ಕೊಡದೆ ಸೆಕ್ರೆಟರಿಗೆ ಕೊಟ್ಟರಾಯಿತು. ಗೊರಕೆಯೋ ಕಿಟಕಿ ಜಗಳವೋ, ಯಾರೂ ಕಾರಣ ಕೇಳುವಂತಿಲ್ಲ.

ಮೂರು ವರ್ಷದ ಹಿಂದೆ ಟೈಲರಮ್ಮನಿಗೆ ಜೋಡಿಯಾಗಿ ಸಿಕ್ಕಿದ್ದು ಡ್ರೈವರ್ ಸಾಹೇಬ. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ಹೆಂಡತಿಯನ್ನು ಕಳೆದುಕೊಂಡವನು. ಮೊದಲ ತಿರುವಿನಲ್ಲೇ ಆತನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು.

“ಹಿಡೀತಾ ಬ್ರೇಕು?” ಎಂದಳು ಆಕೆ, ಮುಖ ಕಿಟಕಿಯ ಕಡೆಗೇ ಇಟ್ಟುಕೊಂಡು.

“ಏನ್ ಮಾಡೋದು ಹೇಳಿ. ರಿಟೈರ್ ಆಗಿದೀನಿ ಅಂತ ನನ್ನ ಕಾಲಿಗೆ ಇನ್ನೂ ಲೆಟರ್ ತಲುಪಿಲ್ಲ.”

ಆಕೆ ನಕ್ಕಳು. ತಮ್ಮ ತಂಗಿಯರನ್ನು ದಡ ಸೇರಿಸುವಷ್ಟರಲ್ಲಿ ಮದುವೆಯ ವಯಸ್ಸನ್ನು ಹೊಲಿಗೆ ಮೆಷಿನ್ನಿನ ಮುಂದೆಯೇ ಕಳೆದವಳು. ಗಂಡಸೊಬ್ಬನ ಪಕ್ಕದಲ್ಲಿ ಅಳತೆ ಟೇಪಿಲ್ಲದೆ ಕೂತದ್ದೇ ಅಪರೂಪ.

ಇನ್ನೊಂದು ಪ್ರವಾಸದಲ್ಲಿ ಆತನ ಎದೆಯ ಗುಂಡಿ ಸಡಿಲಾಗಿತ್ತು. ಓಡುವ ಬಸ್ಸಿನಲ್ಲೇ ಸೂಜಿ ತೆಗೆದಳು. “ಉಸಿರು ಬಿಡಬೇಡಿ, ಚುಚ್ಚುತ್ತೆ.”

ಆತ ಉಸಿರು ಹಿಡಿದ. ಎರಡು ತಿರುವು ದಾಟಿತು. ಕಣ್ಣು ಮೇಲುಗಣ್ಣಾಗುವಂತಾದಾಗ, “ಈಗ ಬಿಡ್ಲಾ?” ಎಂದ.

“ಅಯ್ಯೋ, ಆವಾಗ್ಲೇ ಮುಗೀತು!”

“ಮತ್ತೆ ಹೇಳ್ಬಾರ್ದಾ?”

“ಎಷ್ಟು ಹೊತ್ತು ನನ್ನ ಮಾತು ಕೇಳ್ತೀರಿ ಅಂತ ನೋಡ್ತಿದ್ದೆ.”

ಕಳೆದ ವರ್ಷ, ದೊಡ್ಡ ಕೆರೆಯ ದಂಡೆಯ ಕಲ್ಲುಬೆಂಚಿನ ಮೇಲೆ, ಆತ ಬಾಯಿಬಿಟ್ಟ. “ಟೈಲರಮ್ಮ, ನಮ್ಮನೇಲಿ ಎರಡು ಕುರ್ಚಿ ಇವೆ. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಪೇಪರು. ನೀವು ಬಂದು ಆ ಪೇಪರನ್ನ ಎಬ್ಬಿಸ್ತೀರಾ?”

ಉತ್ತರ ಆಕೆಯ ತುಟಿಯ ತುದಿಗೇ ಬಂದಿತ್ತು. ಆತನೇ ತಡೆದ. “ಈಗ್ಲೇ ಬೇಡ. ಬಸ್ ಹತ್ತುವಾಗ ನನ್ನ ಬಿಲ್ಲೆ ನನ್ನ ಕೈಗೆ ಕೊಟ್ರೆ ಹೂಂ ಅಂತ. ಸೆಕ್ರೆಟರಿಗೆ ಕೊಟ್ರೆ ಇಲ್ಲ ಅಂತ. ನಾನು ಮತ್ತೆ ಕೇಳಲ್ಲ.”

ಕಸುಬು ಕೈಗೆ ಅಂಟಿದರೆ ತೊಳೆದೀತು, ಗುಣಕ್ಕೆ ಅಂಟಿದರೆ ತೊಳೆಯದು. ಅಂಗಡಿಗೆ ಯಾರೇ ಬರಲಿ, ಬಟ್ಟೆ ಇಸ್ತ್ರಿಯಾಗಿ ಗೂಟದಲ್ಲಿ ತೂಗುತ್ತಿದ್ದರೂ ಟೈಲರಮ್ಮ “ಇನ್ನೂ ಆಗಿಲ್ಲ, ನಾಳೆ ಬನ್ನಿ” ಎಂದೇ ಹೇಳುವವಳು. ಒಂದೇ ಸಲಕ್ಕೆ ಕೊಟ್ಟರೆ ಹೊಲಿಗೆಗೆ ಬೆಲೆ ಇರದು ಎಂಬುದು ಆಕೆಯ ಪಾಠ. ಎಲ್ಲರೂ ಮರುದಿನ ಬಂದಿದ್ದರು, ಒಬ್ಬರೂ ತಪ್ಪಿರಲಿಲ್ಲ.

ಆ ಸಂಜೆ ಆಕೆ ತುಟಿಯಂಚಿನಲ್ಲೇ ನಗುತ್ತಾ ಆತನ ಬಿಲ್ಲೆಯನ್ನು ಸೆಕ್ರೆಟರಿಯ ಕೈಗೆ ಹಾಕಿದಳು. ಈಗ ಎದ್ದು ಬಂದು ‘ಏನ್ರೀ ಇದು?’ ಎನ್ನುತ್ತಾನೆ, ಸ್ವಲ್ಪ ಸತಾಯಿಸಿ ಹೂಂ ಎಂದರಾಯಿತು. ಕಣ್ಣಳತೆಯಲ್ಲೇ ಕತ್ತರಿಸಿಟ್ಟ ಅಂಗಿಬಟ್ಟೆ ಮನೆಯಲ್ಲಿ ಆಗಲೇ ಕಾಯುತ್ತಿತ್ತು.

ಆತ ಏಳಲಿಲ್ಲ. ಕೈಬೀಸಿ ಬೇಡವೆಂದವರ ಮುಂದೆ ಬಸ್ಸು ನಿಲ್ಲಿಸಿದವನೇ ಅಲ್ಲ ಆತ. ಅವರಿಗೂ ಅವಮಾನ, ಒಳಗಿದ್ದವರಿಗೂ ತಡ ಎಂದು ಹಿಂದೊಮ್ಮೆ ಹೇಳಿಯೂ ಇದ್ದ. ಆಕೆ ಅದನ್ನು ತಮಾಷೆಯೆಂದು ಕೇಳಿದ್ದಳು.

ಮುಂದಿನ ತಿಂಗಳು ಆತ ಎರಡು ಸಾಲು ಮುಂದೆ, ಆಸ್ಪತ್ರೆಯಿಂದ ನಿವೃತ್ತಳಾಗಿದ್ದ ನರ್ಸಮ್ಮನ ಪಕ್ಕದಲ್ಲಿ ಕೂತಿದ್ದ. ಆದರೆ ಕೆರೆಗೆ ಹೋದ ದಿನ ಆತನ ಬಳಿ ಇದ್ದ ಟೈಲರಮ್ಮನ ಹದಿನೇಳನೆಯ ಬಿಲ್ಲೆ ಮರಳಿ ಬರಲೇ ಇಲ್ಲ. ಎಲ್ಲೋ ಬಿದ್ದುಹೋಯಿತೆಂದು ಆತ ಹೇಳಿದ್ದ, ಆಕೆ ನಂಬಿರಲಿಲ್ಲ. ಸೆಕ್ರೆಟರಿ ಗೊಣಗುತ್ತಾ ಹೊಸದು ಮಾಡಿಸಿಕೊಟ್ಟರು. ಬಿಲ್ಲೆ ಕೈಯಲ್ಲಿರುವತನಕ ಜೋಡಿ, ಇದು ಸಂಘದ ನಿಯಮ. ಆ ನಿಯಮವೊಂದನ್ನೇ ಜೀವಕ್ಕೆ ಹಿಡಿದುಕೊಂಡು ಆಕೆ ಹನ್ನೆರಡು ಪ್ರವಾಸ ಮಾಡಿದಳು. ಊರಿಗೆಲ್ಲ ನಾಳೆ ಬನ್ನಿ ಎಂದವಳು, ಇಂದು ಬಂದಾನು, ನಾಳೆ ಬಂದಾನು ಎಂದು ಕಾದಳು.

ಇವತ್ತು ಮಂಜಿನಲ್ಲಿ ಬಸ್ಸು ತೆವಳುತ್ತಿತ್ತು. ಮುಂದಿನಿಂದ ನರ್ಸಮ್ಮನ ದನಿ: “ಸಾಹೇಬ್ರೇ, ಮಾತ್ರೆ ತಗೊಂಡ್ರಾ? ಸುಳ್ಳು ಬೇಡ, ನಾಡಿ ಹಿಡಿದ್ರೆ ಗೊತ್ತಾಗುತ್ತೆ ನಂಗೆ.”

“ಹಿಡಿಯಮ್ಮಾ ಹಿಡಿ, ಇಲ್ಲಾಂದ್ರೆ ಓಡಿಹೋಗ್ತಾರೆ!” ಎಂದರು ಯಾರೋ. ಬಸ್ಸೆಲ್ಲ ನಕ್ಕಿತು. ಒಂದು ತಿರುವು ಬಂತು. ಟೈಲರಮ್ಮ ಕೆಳಗೆ ನೋಡಿದಳು. ಆಕೆಯ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು.

ಅದೇ ಕೆರೆ. ಅದೇ ಕಲ್ಲುಬೆಂಚು. ಆತ ಒಬ್ಬನೇ ಕೂತಿದ್ದ. ಆಕೆ ಹೋಗಿ ಪಕ್ಕದಲ್ಲಿ ಕೂತಳು, ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣು ತನ್ನ ಕೆಲಸ ಮಾಡಿಬಿಟ್ಟಿತು. ಸೊಂಟ ಎರಡಿಂಚು ಹೆಚ್ಚಾಗಿತ್ತು. ಯಾರೋ ಹೊತ್ತುಹೊತ್ತಿಗೆ ಊಟ ಹಾಕುತ್ತಿದ್ದರು. ಎದೆಯ ಗುಂಡಿಗೆ ಬಿಳಿ ಅಂಗಿಯ ಮೇಲೆ ಕಪ್ಪು ನೂಲು, ಗಾಯಕ್ಕೆ ಹಾಕುವಂಥ ಗಂಟು.

“ಗುಂಡಿ ಯಾರು ಹಾಕಿದ್ದು?”

“ನರ್ಸಮ್ಮ.” ಆತ ನೀರಿನ ಕಡೆ ನೋಡಿದ. “ಮುಂದಿನ ವಾರ ರಿಜಿಸ್ಟರ್ ಮಾಡಿಸ್ತಿದೀವಿ. ಆಮೇಲೆ ಅವರ ತಂಗಿ ಊರಿಗೆ ಹೋಗ್ತೀವಿ. ಇದೇ ನನ್ನ ಕೊನೇ ಟ್ರಿಪ್.”

ಮಂಜು ಕೆರೆಯ ಮೇಲಿಂದ ಮೆಲ್ಲನೆ ಏಳುತ್ತಿತ್ತು.

“ಆವತ್ತು ನಾನು ಸುಮ್ನೆ ಕೊಟ್ಟಿದ್ದು” ಎಂದಳು ಟೈಲರಮ್ಮ. “ಸೆಕ್ರೆಟರಿಗೆ.”

“ಏನಂದ್ರಿ?”

“ಇನ್ನೊಂದ್ಸಲ ಕೇಳ್ತೀರಿ ಅಂದ್ಕೊಂಡಿದ್ದೆ. ನನ್ನ ಹತ್ರ ಬಂದೋರೆಲ್ಲ ಎರಡೆರಡು ಸಲ ಬಂದೋರೇ.”

ಆತನ ದನಿಯಲ್ಲಿ ಪ್ರೀತಿ ಇರಲಿಲ್ಲ. “ಒಂದು ವರ್ಷ. ಎರಡೇ ಸೀಟು ಹಿಂದೆ. ಒಂದು ಮಾತು ಆಡೋಕೆ ಏನಾಗಿತ್ತು ನಿಮಗೆ?”

“ನೀವೂ ಒಂದ್ಸಲ ತಿರುಗಿ ನೋಡ್ಲಿಲ್ಲ.”

“ಡ್ರೈವರ್ ತಿರುಗಿ ನೋಡಲ್ಲ ಕಣ್ರೀ. ಕನ್ನಡಿ ನೋಡ್ತಾನೆ. ಪ್ರತಿ ಟ್ರಿಪ್ಪಲ್ಲೂ ನೋಡ್ದೆ. ನೀವು ಯಾವಾಗ್ಲೂ ಕಿಟಕಿ ಕಡೆ ಮುಖ ಮಾಡಿರ್ತಿದ್ರಿ.”

ಆಕೆಗೆ ಕೇಳಬೇಕೆನಿಸಿತು. ನಾಚಿಕೆ ಬಿಟ್ಟು, ಈಗಲೂ ಬಿಟ್ಟುಬನ್ನಿ ಎಂದು. ಅಷ್ಟರಲ್ಲಿ ದೂರದಲ್ಲಿ ನರ್ಸಮ್ಮ ಫ್ಲಾಸ್ಕು ಹಿಡಿದು ಬರುತ್ತಿದ್ದಳು, ಕೈಯಲ್ಲಿ ಎರಡು ಕಪ್ಪು. ಬೆಂಚಿನ ಮೇಲೆ ಇಬ್ಬರಿರುವುದನ್ನು ಕಂಡು ನಿಂತಳು. ಹಿಂದಿರುಗಿ, ಮಂಡಿನೋವಿನ ಕಾಲೆಳೆಯುತ್ತಾ, ಮೂರನೆಯ ಕಪ್ಪು ತರಲು ಹೋದಳು.

ಆತನೂ ಅದನ್ನು ನೋಡಿದ. “ಹತ್ತಿಸ್ಕೊಂಡ ಮೇಲೆ ನಡುದಾರೀಲಿ ಇಳಿಸೋಕಾಗಲ್ಲ, ಟೈಲರಮ್ಮ.”

“ಗೊತ್ತು.”

“ಪೊಟ್ಟಣ ಏನದು?”

“ಯಾರದೋ ಅಂಗಿ” ಎಂದಳು. “ಅಳತೆ ತಪ್ಪೋಯ್ತು.”

ನರ್ಸಮ್ಮ ಬಂದಳು. “ಕುಡೀರಿ ಅಕ್ಕಾ, ಥಂಡಿ ಇದೆ” ಎಂದು ಮೊದಲ ಕಪ್ಪು ಆಕೆಗೇ ಕೊಟ್ಟಳು. ಚಹಾ ಚೆನ್ನಾಗಿಯೇ ಇತ್ತು. ಟೈಲರಮ್ಮ ಅದನ್ನು ಕೊನೆಯ ಗುಟುಕಿನವರೆಗೂ ಕುಡಿದಳು. ಬೈಯಲು ಒಂದು ನೆಪವನ್ನೂ ದೇವರು ಉಳಿಸಿರಲಿಲ್ಲ.

ಸಂಜೆ ಎಲ್ಲರೂ ಹತ್ತಿದರು. ಬಿಲ್ಲೆಗಳು ಕೈಯಿಂದ ಕೈಗೆ ಕಿಣಿಕಿಣಿ ಎಂದವು. ಸೆಕ್ರೆಟರಿ ಬಾಗಿಲಲ್ಲಿ ನಿಂತು ಎಂದಿನಂತೆ ಕೂಗಿದರು, “ಯಾರ ಹತ್ರಾನಾದ್ರೂ ಯಾರದಾದ್ರೂ ಉಳಿದಿದೆಯೇನ್ರಪ್ಪಾ? ಹೊರಡೋಣವಾ?”

ಟೈಲರಮ್ಮ ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ. ಬಸ್ಸು ಓಡಿಸುವವನ ತಲೆಯ ಮೇಲಿದ್ದ ಕನ್ನಡಿಯನ್ನೇ ನೋಡಿದಳು. ಅದರಲ್ಲಿ ಆತ ಎದ್ದು ನಿಂತದ್ದು ಕಂಡಿತು. ಸೀಟುಗಳನ್ನು ಹಿಡಿದುಕೊಳ್ಳುತ್ತಾ ಎರಡು ಸಾಲು ಹಿಂದೆ ಬಂದ. ಅಂಗಿಯ ಒಳಜೇಬಿನಿಂದ ಏನನ್ನೋ ತೆಗೆದ.

ಆಕೆ ಅಂಗೈ ಚಾಚಿದಳು. ಆತ ಹದಿನೇಳನೆಯ ಬಿಲ್ಲೆಯನ್ನು ಅದರ ಮೇಲಿಟ್ಟ. ಹೆಬ್ಬೆರಳಿನಲ್ಲಿ ಸವರಿ ಸವರಿ ನಂಬರು ಅಳಿಸಿಹೋಗಿತ್ತು. ಬಿಲ್ಲೆ ಇನ್ನೂ ಬೆಚ್ಚಗಿತ್ತು.